ಫಾಸ್ಟ್ ಗಾಡಿ ದಾಟುವ ತನಕ

ನನ್ನ ಆರನೆಯ ವಯಸ್ಸಿನಿಂದ ಒಂಬತ್ತು ತುಂಬುವ ತನಕ ನಮ್ಮ ಮನೆಯಲ್ಲಿ ಒಂದೇ ಒಂದು ಜಗಳವನ್ನೂ ನಾನು ಕಂಡಿರಲಿಲ್ಲ. ಈ ಮಾತು ಹೇಳಿದರೆ ಈಗಿನವರು ‘ಎಂಥ ಪುಣ್ಯವಂತರ ಮನೆ’ ಎಂದು ಕಣ್ಣರಳಿಸುತ್ತಾರೆ. ಕಾಂದಿವಲಿ ಸ್ಟೇಷನ್ನಿನಿಂದ ಹತ್ತು ನಿಮಿಷದ ಹಾದಿಯಲ್ಲಿದ್ದ ನಮ್ಮ ಚಾಳಿನಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಬೆಳಿಗ್ಗೆ ನಳದ ಮುಂದೆ ಬಕೆಟ್ಟಿನ ಸಾಲಿಗಾಗಿ ಒಂದು, ಮಧ್ಯಾಹ್ನ ಮೇಲಿನವರ ಸೀರೆಯಿಂದ ಕೆಳಗಿನವರ ಹಪ್ಪಳದ ಮೇಲೆ ನೀರು ತೊಟ್ಟಿಕ್ಕಿದ್ದಕ್ಕೆ ಒಂದು, ಸಂಜೆ ಗಂಡಸರು ಕೆಲಸದಿಂದ ಬಂದ ಮೇಲೆ ಇವೆರಡರ ಮರುಪ್ರದರ್ಶನ. ಮರಾಠಿ, ಗುಜರಾತಿ, ಕೊಂಕಣಿ ಎಲ್ಲ ಭಾಷೆಯ ಬೈಗುಳವೂ ಬಿಟ್ಟಿಯಾಗಿ ಕಲಿಯಲು ಸಿಗುತ್ತಿತ್ತು. ಅಂಥ ಚಾಳಿನ ಮೊದಲ ಮಹಡಿಯ ತುದಿಯ ಎರಡು ಖೋಲಿಗಳಲ್ಲಿ ನಾವು ನಾಲ್ವರು, ಅಪ್ಪ, ಅವ್ವ, ಅಪ್ಪನ ತಂಗಿ ಮಾಲತಿ ಆತ್ಯಾ ಮತ್ತು ನಾನು, ಗರ್ಭಗುಡಿಯ ಮುಂದೆ ನಿಂತವರ ಹಾಗೆ ಪಿಸುಮಾತಿನಲ್ಲಿ ಬಾಳುತ್ತಿದ್ದೆವು. ಅದಕ್ಕೆ ಕಾರಣ ಪುಣ್ಯವಲ್ಲ, ನನ್ನ ಎದೆ.

ನನಗೂ ಸ್ವತಂತ್ರ ದೇಶಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ದೇಶ ಹೇಗಿತ್ತೋ, ನನ್ನ ಉಸಿರು ಮಾತ್ರ ನನ್ನ ಕೈಯಲ್ಲಿರಲಿಲ್ಲ. ಆರು ವರ್ಷದವಳಿದ್ದಾಗ ಚಾಳಿನ ಹಿಂದಿನ ಎಮ್ಮೆ ತಬೇಲಾದ ಹುಲ್ಲಿನ ರಾಶಿಯಲ್ಲಿ ಕುಣಿದು ಬಂದ ಸಂಜೆ ಮೊದಲ ಸಲ ದಮ್ಮು ಹತ್ತಿತು. ಉಬ್ಬಸವನ್ನು ನಮ್ಮ ಧಾರವಾಡದ ಕಡೆ ದಮ್ಮು ಎನ್ನುತ್ತಾರೆ. ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದಂತೆ ಸುಂಯ್ ಸುಂಯ್ ಸದ್ದು. ಒಳಗೆ ಹೋದ ಗಾಳಿ ಹೊರಗೆ ಬರಲು ಒಲ್ಲೆ ಎನ್ನುತ್ತಿತ್ತು. ಧೂಳಿಗೆ ಬರುತ್ತಿತ್ತು, ಒಗ್ಗರಣೆಯ ಘಾಟಿಗೆ ಬರುತ್ತಿತ್ತು, ಮಳೆಗಾಲದ ಥಂಡಿಗೆ ಬರುತ್ತಿತ್ತು. ಇಷ್ಟನ್ನು ಮನೆಯವರು ಅರ್ಥ ಮಾಡಿಕೊಂಡಿದ್ದರು. ಆದರೆ ಶಾಲೆಯಲ್ಲಿ ಒಬ್ಬಳು ನನ್ನ ಪಾಟಿ ಒಡೆದಾಗ ಅತ್ತದ್ದಕ್ಕೂ ಬಂತು. ಆತ್ಯಾ ನಮ್ಮ ಚಾಳಿನ ಮಾಲೀಕರ ನಡಿಗೆಯನ್ನು ಮಾಡಿ ತೋರಿಸಿದಾಗ ಬಿದ್ದು ಬಿದ್ದು ನಕ್ಕದ್ದಕ್ಕೂ ಬಂತು. ಆಗ ಅಪ್ಪ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಸ್ಟೇಷನ್ ರಸ್ತೆಯ ಡಾಕ್ಟರ ಹತ್ತಿರ ಓಡಿದರು. ಡಾಕ್ಟರು ಬೆಳಗಾವಿಯ ಕಡೆಯವರು, ಮರಾಠಿಯಲ್ಲಿ ಅದ್ದಿದ ಕನ್ನಡ ಮಾತಾಡುತ್ತಿದ್ದರು. ಇಂಜೆಕ್ಷನ್ ಕೊಟ್ಟರು, ಸಣ್ಣ ಬಿಳಿ ಮಾತ್ರೆ ಬರೆದರು, ನಾವು ಹೊರಡುವಾಗ ಒಂದು ಮಾತು ಸೇರಿಸಿದರು.

“ಪೋರಿ ಮನಸಿಗೆ ಧಕ್ಕಾ ಆಗದ ಹಾಂಗ ನೋಡ್ಕೋರಿ.”

ಆ ಒಂದು ಸಾಲನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಮನೆ ಮುಟ್ಟುವುದರೊಳಗೆ ಮರೆಯುತ್ತಿದ್ದರು. ನಮ್ಮ ಅಪ್ಪ ರೇಲ್ವೆಯ ಕಚೇರಿಯಲ್ಲಿ ಗುಮಾಸ್ತರು, ಗಾಡಿಗಳ ವೇಳಾಪಟ್ಟಿ ನೋಡಿಕೊಳ್ಳುವ ವಿಭಾಗ. ಮೇಲಿನಿಂದ ಒಂದು ಸಾಲು ಬಂದರೆ ಕೆಳಗೆ ಹತ್ತು ಉಪನಿಯಮ ಮಾಡುವುದೇ ಅವರ ಉದ್ಯೋಗ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ದನಿ ಏರಿಸುವಂತಿಲ್ಲ. ಪಾತ್ರೆ ಬಿದ್ದರೆ ಬಿದ್ದ ಪಾತ್ರೆಯನ್ನೇ ಗದರಿಸುವಂತೆ ನೋಡುತ್ತಿದ್ದರು. ಜೋರಾಗಿ ನಗುವಂತಿಲ್ಲ. ಕೆಟ್ಟ ಸುದ್ದಿಯನ್ನು ನನಗೆ ಹೇಳುವಂತೆಯೇ ಇಲ್ಲ, ಒಳ್ಳೆಯ ಸುದ್ದಿಯನ್ನು ಕಂತುಗಳಲ್ಲಿ ಕೊಡಬೇಕು. ಒಮ್ಮೆ ಅಜ್ಜಿ ಊರಿನಿಂದ ಬರುವುದಿತ್ತು. ಸೋಮವಾರ ಅಪ್ಪ ‘ಧಾರವಾಡದಿಂದ ಕಾಗದ ಬಂದದ’ ಎಂದಷ್ಟೇ ಹೇಳಿದರು. ಮಂಗಳವಾರ ‘ಅಜ್ಜಿ ಆರಾಮ ಇದ್ದಾಳಂತ’ ಎಂದರು. ಬುಧವಾರ ‘ಅಜ್ಜಿಗೆ ಗಾಡ್ಯಾಗ ಕೂಡಬೇಕು ಅನಸೇದಂತ’ ಎಂದರು. ನಾಲ್ಕನೆಯ ಕಂತನ್ನು ಗುರುವಾರ ಸಂಜೆಗೆ ಇಟ್ಟುಕೊಂಡಿದ್ದರು. ಬೆಳಿಗ್ಗೆಯೇ ಅಜ್ಜಿ ಫೇಡೆಯ ಪೊಟ್ಟಣ ಹಿಡಿದುಕೊಂಡು ‘ಸುಮೀ’ ಎಂದು ಇಡೀ ಚಾಳಿಗೆ ಕೇಳುವಂತೆ ಕೂಗುತ್ತ ಮೆಟ್ಟಿಲು ಹತ್ತಿ ಬಂದಳು. ನಾನು ಕುಣಿದೆ, ಕಿರುಚಿದೆ, ಅವಳ ಕೊರಳಿಗೆ ಜೋತುಬಿದ್ದೆ. ನನ್ನ ಎದೆಗೆ ಏನೂ ಆಗಲಿಲ್ಲ. ಅದನ್ನು ಮಾತ್ರ ಅಪ್ಪ ಗಮನಿಸಲಿಲ್ಲ.

ಅಪ್ಪನನ್ನು ಗೇಲಿ ಮಾಡುವುದು ಸುಲಭ, ಈ ವಯಸ್ಸಿನಲ್ಲೂ ಬಿಡಲಾಗುವುದಿಲ್ಲ. ಆದರೆ ಆಗಿನ ಅವರ ಮುಖ ಇನ್ನೂ ಕಣ್ಣ ಮುಂದಿದೆ. ನನಗೆ ದಮ್ಮು ಹತ್ತಿದಾಗ ಅವರು ಎದುರಿಗೆ ಕೂತು ಕಣ್ಣು ಪಿಳುಕಿಸದೆ ನನ್ನನ್ನೇ ನೋಡುತ್ತಿದ್ದರು, ಬಾಯಿ ಸ್ವಲ್ಪ ತೆರೆದಿರುತ್ತಿತ್ತು, ಹಣೆಯ ಮೇಲೆ ಬೆವರು. ನನಗೆ ಎಷ್ಟು ಜೋರಾಗಿದೆ ಎಂಬುದನ್ನು ನಾನು ನನ್ನ ಎದೆಯಿಂದ ತಿಳಿಯುತ್ತಿರಲಿಲ್ಲ, ಆ ಮುಖದಿಂದ ತಿಳಿಯುತ್ತಿದ್ದೆ. ಅವರು ಹೆದರಿದಷ್ಟೂ ನಾನು ಹೆದರುತ್ತಿದ್ದೆ, ನಾನು ಹೆದರಿದಷ್ಟೂ ಎದೆ ಬಿಗಿಯುತ್ತಿತ್ತು, ಎದೆ ಬಿಗಿದಷ್ಟೂ ಅವರು ಹೆದರುತ್ತಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಯಿಂದಲೇ ಬಾವಿಗೆ ತಳ್ಳುತ್ತಿದ್ದೆವು.

ಆ ಪಿಸುಮಾತಿನ ಮನೆಯಲ್ಲಿ ನನಗೆ ಕದ್ದು ನಗು ಪೂರೈಸುತ್ತಿದ್ದವಳು ಮಾಲತಿ ಆತ್ಯಾ. ಮದುವೆಯಾಗದ ಇಪ್ಪತ್ತೆರಡರ ಹುಡುಗಿ, ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳು, ನಡೆದರೆ ಜಡೆ ಒಂದು ಕಡೆ ಅವಳು ಒಂದು ಕಡೆ. ಅಪ್ಪ ಆಫೀಸಿಗೆ, ಅವ್ವ ತರಕಾರಿಗೆ ಹೋದರೆ ಸಾಕು, ಟಿಕೆಟ್ ಕಲೆಕ್ಟರು ಸಾಹೇಬರ ಮುಂದೆ ಹೇಗೆ ನಿಲ್ಲುತ್ತಾನೆ, ಟಿಕೆಟ್ಟಿಲ್ಲದವನ ಮುಂದೆ ಹೇಗೆ ನಿಲ್ಲುತ್ತಾನೆ ಎಂದು ಮಾಡಿ ತೋರಿಸುತ್ತಿದ್ದಳು. ನಾವಿಬ್ಬರೂ ದಿಂಬಿಗೆ ಮುಖ ಒತ್ತಿ ನಗುತ್ತಿದ್ದೆವು. ಆ ದಿಂಬಿನ ಧೂಳಿನಿಂದಲೇ ನನಗೆ ಎಷ್ಟು ಸಲ ಸೀನು ಹತ್ತಿತೋ, ಪಾಪ ನಗುವಿನ ಹೆಸರು ಕೆಟ್ಟಿತು.

ಒಂದು ದಿನ ಏಲಕ್ಕಿ ಹುಡುಕುತ್ತ ಅವ್ವನ ಹಳೆಯ ಸಾಸಿವೆ ಡಬ್ಬಿ ತೆರೆದೆ. ಒಳಗೆ ಸಾಸಿವೆಯೂ ಇರಲಿಲ್ಲ, ಏಲಕ್ಕಿಯೂ ಇರಲಿಲ್ಲ. ದಾರದಲ್ಲಿ ಕಟ್ಟಿದ ಪ್ಲಾಟ್‌ಫಾರ್ಮ್ ಟಿಕೆಟ್ಟುಗಳ ಕಟ್ಟು ಇತ್ತು, ಎಲ್ಲವೂ ಕಾಂದಿವಲಿಯವು. ನಾವು ಎಲ್ಲಿಗೂ ಹೋಗಿರಲಿಲ್ಲ, ಯಾರನ್ನೂ ಕಳಿಸಿಕೊಟ್ಟಿರಲಿಲ್ಲ. ಡಬ್ಬಿ ಹಿಡಿದುಕೊಂಡು ಆತ್ಯಾಳ ಮುಂದೆ ನಿಂತೆ.

“ಇವು ಯಾರವು?”

“ನಿಮ್ಮ ಅವ್ವಂದು. ಅಪ್ಪಗ ರೇಲ್ವೆ ಪಾಸದ, ಅವ್ವಗ ಬೇಕಲ್ಲ ಟಿಕೀಟು? ಆ ಕಲೆಕ್ಟರ್ ಗುರ್ತಿನವ, ತಿರಗಿ ಇಸ್ಕೊಳ್ಳೂದಿಲ್ಲ.”

“ಅವ್ವ ಯಾಕ ಸ್ಟೇಷನ್ನಿಗೆ ಹೋಗ್ತಾಳ?”

“ಬುಧವಾರ, ಶನಿವಾರ ಸಂಜಿಕೆ ಇಬ್ಬರೂ ಹವಾ ತಿನ್ನಲಿಕ್ಕೆ ಹೋಗ್ತಾರಲ್ಲ,” ಎಂದವಳೇ ಆತ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಎಂಥಾ ಹವಾ ಅಂತ ನೋಡ್ತೀಯೇನು? ಯಾರಿಗೂ ಹೇಳಬ್ಯಾಡ ಮತ್ತ.”

ಶನಿವಾರ ಅವರು ಹೊರಟ ಸ್ವಲ್ಪ ಹೊತ್ತಿಗೆ ನಾವೂ ಹೊರಟೆವು. ಆತ್ಯಾ ನನ್ನನ್ನು ಸ್ಟೇಷನ್ನಿನ ಮೇಲಿನ ಸೇತುವೆಗೆ ಕರೆದೊಯ್ದು ಕಂಬದ ಮರೆಯಲ್ಲಿ ನಿಲ್ಲಿಸಿದಳು. ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಮೇಲೆ ಅಪ್ಪ, ಅವ್ವ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಸುಮ್ಮನೆ ಕೂತಿದ್ದರು. ಅಪ್ಪ ಕೈಗಡಿಯಾರ ನೋಡಿಕೊಂಡರು. ದೂರದಲ್ಲಿ ಗಾಡಿಯ ಸದ್ದಾಯಿತು. ಕಾಂದಿವಲಿಯಲ್ಲಿ ಫಾಸ್ಟ್ ಗಾಡಿಗಳು ನಿಲ್ಲುತ್ತಿರಲಿಲ್ಲ, ಪ್ಲಾಟ್‌ಫಾರ್ಮನ್ನೇ ಕಿತ್ತೊಯ್ಯುವಂತೆ ದಡದಡ ಓಡಿಹೋಗುತ್ತಿದ್ದವು. ಗಾಡಿ ಬಂದದ್ದೇ ತಡ, ನಮ್ಮ ಅವ್ವ, ಮನೆಯಲ್ಲಿ ಬೆಕ್ಕಿಗೂ ‘ಹೋಗವ್ವಾ’ ಎಂದು ಮೆಲ್ಲಗೆ ಹೇಳುವ ಅವ್ವ, ಎದ್ದು ನಿಂತು ಕೈ ಬೀಸಿ ಬೀಸಿ ಬಾಯಿ ತೆರೆದಳು. ಅಪ್ಪನೂ ಎದ್ದರು. ಇಬ್ಬರೂ ಒಟ್ಟಿಗೆ ಕೂಗಾಡುತ್ತಿದ್ದರು, ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಗಾಡಿಯ ಕೊನೆಯ ಡಬ್ಬಿ ದಾಟಿತು, ಸದ್ದು ಫಕ್ಕನೆ ನಿಂತಿತು, ಅವ್ವನ ಮಾತಿನ ಬಾಲ ಮಾತ್ರ ಗಾಳಿಯಲ್ಲಿ ಉಳಿಯಿತು.

“...ನಿಮ್ಮ ಅವ್ವನೂ ಥೇಟ್ ಹಿಂಗಽ!”

ಅವ್ವ ಗಬಕ್ಕನೆ ಬಾಯಿ ಮುಚ್ಚಿಕೊಂಡು ಕೂತಳು. ಅಪ್ಪನೂ ಕೂತರು, ಮತ್ತೆ ಗಡಿಯಾರ ನೋಡಿದರು. ಮುಂದಿನ ಗಾಡಿಗೆ ಇನ್ನೂ ಹೊತ್ತಿತ್ತೆಂದು ಕಾಣುತ್ತದೆ, ಶೇಂಗಾ ಪೊಟ್ಟಣ ಬಿಚ್ಚಿ ಅವ್ವನ ಕಡೆ ಸರಿಸಿದರು. ಅವ್ವ ತೆಗೆದುಕೊಂಡಳು. ಎಲ್ಲ ಬಿಟ್ಟು ವೇಳಾಪಟ್ಟಿ ನೋಡಿ ಜಗಳವಾಡುವ ಗಂಡ ಹೆಂಡತಿಯನ್ನು ಇಡೀ ಮುಂಬಯಿಯಲ್ಲಿ ನಾನೊಬ್ಬಳೇ ನೋಡಿರಬೇಕು.

ನನಗೆ ನಗು ಉಕ್ಕಿತು. ನಕ್ಕೆ, ಆತ್ಯಾಳೂ ನಕ್ಕಳು, ಸೇತುವೆಯ ಕಟಾಂಜನ ಹಿಡಿದುಕೊಂಡು ನಕ್ಕೆವು. ಆಮೇಲೆ ನಗುವಿನ ತಳದಲ್ಲಿ ಬೇರೇನೋ ತಗುಲಿತು. ಇವರಿಬ್ಬರು ಬಿಸಿಲಲ್ಲಿ, ಹೊಗೆಯಲ್ಲಿ ಇಲ್ಲಿಗೆ ಬಂದು ಒದ್ದಾಡುವುದು ನನ್ನಿಂದ. ನಾನಿಲ್ಲದಿದ್ದರೆ ಇವರು ಎಲ್ಲರ ಹಾಗೆ ಮನೆಯಲ್ಲೇ ಕೂತು ನೆಮ್ಮದಿಯಾಗಿ ಜಗಳವಾಡಬಹುದಿತ್ತು. ಹಾಗನ್ನಿಸಿದ್ದೇ ಎದೆಯೊಳಗಿನ ಪೀಪಿ ಶುರುವಾಯಿತು. ಆತ್ಯಾಳ ಮುಖ ಬಿಳುಚಿತು. ಕೆಳಗೆ ಅಣ್ಣನನ್ನು ಕೂಗಿದರೆ ಗುಟ್ಟು ರಟ್ಟು. ನನ್ನನ್ನು ಎತ್ತಿಕೊಂಡು ಚಾಳಿಗೆ ನಡೆದವಳೇ ನಮ್ಮ ಪಕ್ಕದ ಖೋಲಿಯ ಕೃಷ್ಣಕ್ಕನ ಬಾಗಿಲು ಬಡಿದಳು.

ಕೃಷ್ಣಕ್ಕ ಉಡುಪಿಯ ಕಡೆಯವರು. ಗಂಡ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಅಡಿಗೆಯವರು. ದಪ್ಪನೆಯ, ದೊಡ್ಡ ದನಿಯ, ಯಾವುದಕ್ಕೂ ಗಾಬರಿಯಾಗದ ಹೆಂಗಸು. ನನ್ನನ್ನು ನೋಡಿದವರೇ ಹಾಸಿಗೆಗೆ ಮಲಗಿಸಲಿಲ್ಲ. ಕಿಟಕಿಯ ಹತ್ತಿರ ಮಣೆ ಹಾಕಿ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿಸಿದರು. ಆತ್ಯಾಳನ್ನು ಡಾಕ್ಟರ ಮಾತ್ರೆ ತರಲು ಕಳಿಸಿದರು. ಆಮೇಲೆ ಒಲೆಯ ಮೇಲಿದ್ದ ಚಹಾವನ್ನು ಕಪ್ಪಿನ ಕೆಳಗಿಡುವ ಬಸಿಗೆ ಸುರಿದು ನನ್ನ ಮುಂದೆ ಹಿಡಿದರು.

“ಕುಡಿಯುದು ಬೇಡ. ಊದು.”

ನಾನು ಗಾಳಿ ಎಳೆದುಕೊಳ್ಳಲು ಒದ್ದಾಡುತ್ತಿದ್ದೆ.

“ಎಳಿಬೇಡ ಮಗಾ, ಒಳಗೆ ಬೇಕಾದಷ್ಟು ಉಂಟು. ಮೊದಲು ಇದ್ದದ್ದನ್ನು ಹೊರಗೆ ಬಿಡು. ಬಾಯಿ ಸಣ್ಣ ಮಾಡು, ಮೆಲ್ಲ ಊದು. ಬಸಿಯಲ್ಲಿ ತೆರೆ ಏಳಬೇಕು, ಚಾ ಚೆಲ್ಲಬಾರದು.”

ಊದಿದೆ. ಮೊದಲ ಸಲ ಅರ್ಧ ಬಸಿ ಚಹಾ ಅವರ ಸೀರೆಗೆ ಹೋಯಿತು. ಅವರು ಸೀರೆ ಕೊಡವಿ ಮತ್ತೆ ಸುರಿದರು. ಎರಡನೆಯ ಸಲ ತೆರೆ ಎದ್ದು ಅಂಚಿಗೆ ಬಡಿಯಿತು. ಹಲವು ಸಲ ಊದಿದ ಮೇಲೆ ಒಂದು ಸಣ್ಣ ತೆರೆ ನಿಧಾನವಾಗಿ ಆ ದಡಕ್ಕೆ ಹೋಗಿ ಸುಮ್ಮನಾಯಿತು. ಆ ತೆರೆಯನ್ನು ನೋಡುವ ಗಡಿಬಿಡಿಯಲ್ಲಿ ಹೆದರುವುದನ್ನೇ ನಾನು ಮರೆತಿದ್ದೆ. ಮಾತ್ರೆಯೂ ಬಂತು. ಭುಜಗಳು ಕಿವಿಯ ಹತ್ತಿರದಿಂದ ತಮ್ಮ ಜಾಗಕ್ಕೆ ಇಳಿದವು. ಆಗ ಅವರು ಕೇಳಿದರು.

“ಎಂತಕ್ಕೆ ಬಂತು ಇವತ್ತು? ಹೆದರಿಕೆಯಾ, ಸಿಟ್ಟಾ, ದುಃಖವಾ?”

ಆ ತನಕ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಎಲ್ಲರೂ ಏನು ತಿಂದೆ, ಎಲ್ಲಿ ಆಡಿದೆ ಎಂದು ಕೇಳುತ್ತಿದ್ದರು. ನಾನು ಬಿಕ್ಕುತ್ತ ಬೆಂಚಿನ ಕಥೆ ಹೇಳಿ, ‘ನಂದಽ ತಪ್ಪು’ ಎಂದೆ.

“ಹುಚ್ಚಿ. ಜಗಳ ಸ್ಟೇಷನ್ನಿಗೆ ಹೋದದ್ದು ನಿನಗೆ ಬೇಕಾಗಿ, ಜಗಳ ಹುಟ್ಟಿದ್ದು ನಿನ್ನಿಂದ ಅಲ್ಲ. ಗಂಡ ಹೆಂಡತಿ ಅಂದ ಮೇಲೆ ಅದೊಂದು ಇರ್ತದೆ. ನಾನು ನಮ್ಮವರಿಗೆ ದಿನಾ ಬೈತೇನೆ, ಕೇಳುದಿಲ್ವಾ ನಿಂಗೆ ಗೋಡೆಯಲ್ಲಿ?”

ಕೇಳುತ್ತಿತ್ತು. ಅದನ್ನು ಕೇಳುತ್ತಲೇ ನಾನು ಎಷ್ಟೋ ಮಧ್ಯಾಹ್ನ ಸುಖವಾಗಿ ನಿದ್ದೆ ಮಾಡಿದ್ದೆ. ಅದು ನೆನಪಾಗಿ ನಕ್ಕೆ. ಕೃಷ್ಣಕ್ಕನ ಅಪ್ಪಯ್ಯನಿಗೂ ಉಬ್ಬಸವಿತ್ತಂತೆ, ಬಿಸಿ ಗಂಜಿಯನ್ನು ಊದಿ ಊದಿ ಉಣ್ಣುವಾಗ ಅವರ ಎದೆ ಹಗುರಾಗುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಮಾತ್ರೆಯ ಕೆಲಸ ಮಾತ್ರೆಗೆ, ಊದುವ ಕೆಲಸ ನಿನಗೆ ಎಂದರು. ಅಂದಿನಿಂದ ಶಾಲೆಯಿಂದ ಬಂದು ದಿನವೂ ಅವರ ಮನೆಯಲ್ಲಿ ನನ್ನ ಅಭ್ಯಾಸ. ಕ್ರಮೇಣ ಚಹಾ ಬೇಕಾಗಲಿಲ್ಲ, ಅಂಗೈಯನ್ನೇ ಬಸಿಯ ಹಾಗೆ ಕುಳಿ ಮಾಡಿ ಊದುತ್ತಿದ್ದೆ. ಎದೆ ಸ್ವಲ್ಪ ಬಿಗಿಯಿತೆನ್ನಿಸಿದರೆ ಬಚ್ಚಿಡದೆ ಹೇಳಬೇಕು. ಏನಾಗಿದೆ ಎಂದು ಅದಕ್ಕೊಂದು ಹೆಸರು ಕೊಡಬೇಕು. ಆಮೇಲೆ ‘ಚಹಾ ಆರಿಸಬೇಕು’, ಬರಿಗೈಯಲ್ಲಿ ಊದುವುದಕ್ಕೂ ನಮ್ಮಿಬ್ಬರಲ್ಲಿ ಅದೇ ಹೆಸರು. ‘ನನಗ ಸಿಟ್ಟು ಬಂದದ’ ಎಂದು ಬಾಯಿಬಿಟ್ಟು ಹೇಳಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆಂಬುದನ್ನು ನಾನು ಕಲಿತದ್ದು ಆ ಇದ್ದಿಲು ಒಲೆಯಿಂದ ಮಾರು ದೂರದ ಕಿಟಕಿಯ ಹತ್ತಿರ. ಪ್ರತಿ ಸಲವೂ ಗೆಲ್ಲುತ್ತಿದ್ದೆನೆಂದಲ್ಲ. ಮಳೆಗಾಲದಲ್ಲಿ ಎರಡು ಸಲ ಇಂಜೆಕ್ಷನ್ನಿಗೆ ಓಡಲೇಬೇಕಾಯಿತು. ಆದರೆ ಬಾವಿಯಲ್ಲಿ ಬಿದ್ದಾಗ ಕೈಗೆ ಹಗ್ಗವೊಂದು ಸಿಗುತ್ತದೆ ಎಂಬ ಧೈರ್ಯ ಬಂದಿತ್ತು.

ಅಷ್ಟರಲ್ಲಿ ಮನೆಯಲ್ಲಿ ಮತ್ತೆ ಕಂತುಗಳು ಶುರುವಾದವು. ‘ನಾಗಪುರದಿಂದ ಕಾಗದ ಬಂದದ.’ ‘ನಾಗಪುರದಾಗ ಛಲೋ ಮಂದಿ ಇದ್ದಾರಂತ.’ ‘ಆತ್ಯಾಗ ಹೊಸಾ ಸೀರಿ ತರೋಣು.’ ನಾನು ಏನೂ ತಿಳಿಯದವಳಂತೆ ಹೌದೇನ್ರಿ, ಹೌದೇನ್ರಿ ಎನ್ನುತ್ತಿದ್ದೆ. ವರ ನೋಡಿ ಹೋದ ಸಂಜೆಯೇ ಆತ್ಯಾ ನನ್ನನ್ನು ತಬ್ಬಿಕೊಂಡು ಎಲ್ಲ ಹೇಳಿಬಿಟ್ಟಿದ್ದಳು. ಮದುವೆ ಮಾಟುಂಗಾದ ಒಂದು ಸಭಾಗೃಹದಲ್ಲಿ. ಅವಳ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲುವ ಕಳಸಗಿತ್ತಿ ನಾನೇ ಆಗಬೇಕು ಎಂದೂ ಹೇಳಿದ್ದಳು. ಮದುವಣಗಿತ್ತಿಯ ಜೊತೆಗೆ ನಡೆಯುವ, ಎಲ್ಲರೂ ನೋಡುವ ಹುಡುಗಿ! ನಾನು ಏಳು ದಿನ ತುಂಬಿದ ತಂಬಿಗೆ ಹಿಡಿದು ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಓಡಾಡಿ ಅಭ್ಯಾಸ ಮಾಡಿದೆ. ಎಂಟನೆಯ ದಿನ ಅಪ್ಪ ಕೊನೆಯ ಕಂತು ಕೊಟ್ಟರು.

“ಸುಮೀ, ಲಗ್ನದ ದಿವಸ ನೀ ಕೃಷ್ಣಕ್ಕನ ಮನ್ಯಾಗ ಇರು. ಗದ್ದಲಾ, ಹೋಮದ ಹೊಗಿ, ಆಮ್ಯಾಲೆ ಆತ್ಯಾ ಹೋಗುಮುಂದ ಅಳೂದು. ನಿನ್ನ ಎದಿಗೆ ತಾಳೂದಿಲ್ಲ.”

“ನಾ ಬರ್ತೀನಿ,” ಎಂದೆ. ಅಪ್ಪನ ಮಾತಿಗೆ ಎದುರಾಡಿದ್ದು ಅದೇ ಮೊದಲು. “ನನಗ ಸಿಟ್ಟು ಬಂದದ. ದುಃಖಾನೂ ಆಗೇದ. ಆದರೂ ಬರ್ತೀನಿ.”

ಅವ್ವ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನೋಡಿದಳು. ಅಪ್ಪ ಕಚೇರಿಯ ಪದ್ಧತಿಯಂತೆ ವಿಷಯವನ್ನು ಮೇಲಧಿಕಾರಿಗಳಿಗೆ ಒಪ್ಪಿಸಿದರು. ಮರುದಿನ ಸಂಜೆ ನಾವು ಡಾಕ್ಟರ ಎದುರು ಕೂತಿದ್ದೆವು. ಅಪ್ಪ ತಾವು ಪಾಲಿಸಿದ ನಿಯಮಗಳನ್ನೆಲ್ಲ ಒಂದೊಂದಾಗಿ ವರದಿ ಒಪ್ಪಿಸಿದರು, ಬೆಂಚಿನ ಸಂಗತಿ ಒಂದನ್ನು ಬಿಟ್ಟು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಅರೇ ದೇವಾ! ನಾನು ಹೇಳಿದ್ದು ಪೋರೀನ್ನ ಹೆದರಿಸಬ್ಯಾಡ್ರಿ ಅಂತ. ನಗಸಬ್ಯಾಡ್ರಿ ಅಂತ ಯಾವಾಗ ಹೇಳ್ದೆ?” ಆಮೇಲೆ ನನ್ನ ಕಡೆ ತಿರುಗಿದರು. “ದಮ್ಮು ಬಂತು ಅಂದ್ರ ನೀ ಏನ್ ಮಾಡ್ತೀ?”

ನಾನು ಮುಂದಕ್ಕೆ ಬಾಗಿ, ಅಂಗೈ ಕುಳಿ ಮಾಡಿ, ಚಹಾ ಆರಿಸಿ ತೋರಿಸಿದೆ. ಯಾರಿಗೆ ಮೊದಲು ಹೇಳುತ್ತೇನೆ, ಮಾತ್ರೆ ಎಲ್ಲಿದೆ, ಯಾವಾಗ ಇಂಜೆಕ್ಷನ್ನಿಗೆ ಓಡಬೇಕು ಎಂಬುದನ್ನೂ ಹೇಳಿದೆ. ಡಾಕ್ಟರು ‘ಬರೋಬರ್, ಬರೋಬರ್’ ಎಂದು ತಲೆಯಾಡಿಸಿ ಅಪ್ಪನನ್ನು ನೋಡಿದರು.

“ಮತ್ತ ಆ ಹೊತ್ತಿನ್ಯಾಗ ನಿಮ್ಮ ಮುಖಾ ಹೆಂಗಿರ್ತದ?”

ನಾನು ಬಾಯಿ ತೆರೆದು, ಕಣ್ಣು ಅಗಲಿಸಿ ಅಪ್ಪನ ಮುಖ ಮಾಡಿ ತೋರಿಸಿದೆ. ಆತ್ಯಾಳ ಶಿಷ್ಯೆ ತಾನೆ. ಡಾಕ್ಟರು ನಗು ತಡೆಯಲಾರದೆ ಕೆಮ್ಮಿದರು.

“ಪೋರಿಗೆ ಔಷಧ ಸಾಕು. ಇನ್ನ ನಿಮ್ಮ ಮುಖಕ್ಕ ಕೊಡಬೇಕು. ಬೆಳಿಗ್ಗೆ ಮಾತ್ರೆ ಕೊಡ್ರಿ, ಹೋಮದ ಹತ್ರ ಬ್ಯಾಡ, ಕಿಡಕಿ ಕಡೆ ನಿಲ್ಲಸ್ರಿ. ಲಗ್ನಕ್ಕ ಕರಕೊಂಡು ಹೋಗ್ರಿ.”

ಹಿಂದಿರುಗುವಾಗ ಅಪ್ಪ ಚಾಳಿನ ಮೆಟ್ಟಿಲ ಹತ್ತಿರ ನಿಂತು, ‘ಅಷ್ಟು ಕೆಟ್ಟ ಕಾಣಸ್ತದೇನು ನನ್ನ ಮುಖಾ?’ ಎಂದು ಕೇಳಿದರು. ಹೌದೆಂದೆ. ಅವರು ನನ್ನ ತಲೆ ಸವರಿ ಮೇಲೆ ಹತ್ತಿದರು.

ಮದುವೆಯ ದಿನ ಹಸಿರು ಪರಕರ ಉಟ್ಟು, ಕಳಸ ಹಿಡಿದು, ಆತ್ಯಾಳ ಪಕ್ಕದಲ್ಲಿ ಕಿಟಕಿಯ ಕಡೆ ನಿಂತೆ. ಜನವೋ ಜನ. ಧಾರವಾಡದವರು, ಬಿಜಾಪುರದವರು, ಇಡೀ ಚಾಳು, ಹೋಟೆಲಿಗೆ ರಜೆ ಹಾಕಿ ಬಂದ ಕೃಷ್ಣಕ್ಕನ ಗಂಡ. ಅಕ್ಷತೆ ಬೀಳುವ ಹೊತ್ತಿಗೆ ಅಂತರಪಟ ಸರಿಯಿತು, ಆತ್ಯಾ ತಲೆ ಎತ್ತಿದಳು, ಆ ಕ್ಷಣ ಅವಳು ನಮ್ಮವಳಲ್ಲದವಳಂತೆ ಕಂಡಳು. ಇನ್ನು ದಿಂಬಿಗೆ ಮುಖ ಒತ್ತಿ ನಗುವುದು ಯಾರ ಜೊತೆ? ಎದೆ ಬಿಗಿಯಿತು. ಅಂಗೈ ಕುಳಿ ಮಾಡೋಣವೆಂದರೆ ಎರಡೂ ಕೈಯಲ್ಲಿ ಕಳಸ, ಕಾರ್ಯ ಮುಗಿಯುವ ತನಕ ಅದನ್ನು ಕೆಳಗೆ ಇಡುವಂತಿಲ್ಲ. ಪೀಪಿ ಶುರುವಾಗುವುದರಲ್ಲಿತ್ತು. ಆಗ ಮೂಗಿನ ಮುಂದೆಯೇ ಕಳಸದ ಮಾವಿನೆಲೆ ಕಂಡಿತು. ‘ನನಗ ದುಃಖ ಆಗೇದ’ ಎಂದು ಒಳಗೇ ಹೇಳಿಕೊಂಡು, ಬಾಯಿ ಸಣ್ಣ ಮಾಡಿ ಆ ಎಲೆಯನ್ನು ಊದಿದೆ. ಎಲೆ ಅಲುಗಬೇಕು, ಜಾರಬಾರದು. ಒಂದು, ಎರಡು, ಮೂರು. ಎಲೆ ಮೆಲ್ಲಗೆ ತಲೆಯಾಡಿಸಿತು. ತಲೆ ಎತ್ತಿ ನೋಡಿದರೆ ಹೆಂಗಸರ ಸಾಲಿನಲ್ಲಿ ಅವ್ವ ನನ್ನನ್ನೇ ನೋಡುತ್ತ ತುಟಿ ಚೂಪು ಮಾಡಿ ಗಾಳಿಗೆ ಊದುತ್ತಿದ್ದಳು. ಅವಳ ಪಕ್ಕದಲ್ಲಿ ಕೃಷ್ಣಕ್ಕನೂ ಊದುತ್ತಿದ್ದರು. ವರನ ಕಡೆಯವರು ಇದು ಮುಂಬಯಿಯವರ ಯಾವುದೋ ಶಾಸ್ತ್ರವೆಂದು ತಿಳಿದಿರಬೇಕು. ನನಗೆ ನಗು ಬಂತು, ನಗುವಿನ ಜೊತೆ ಉಸಿರೂ ಬಂತು. ಕಳಸ ಅಲುಗಲಿಲ್ಲ.

ಮರುದಿನ ಸಂಜೆ ಬೋರಿಬಂದರ ಸ್ಟೇಷನ್ನಿನಿಂದ ನಾಗಪುರದ ಗಾಡಿ. ಆತ್ಯಾ ಕಿಟಕಿಯಿಂದ ನನ್ನ ಕೈ ಹಿಡಿದುಕೊಂಡು, ಅಷ್ಟು ಕಣ್ಣೀರಿನಲ್ಲೂ ಅಲ್ಲಿದ್ದ ಟಿಕೆಟ್ ಕಲೆಕ್ಟರ ಹಾಗೆ ಕತ್ತು ಓರೆ ಮಾಡಿ ತೋರಿಸಿದಳು. ಗಾಡಿ ಹೊರಟಿತು. ನಾನು ಅಳುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ದಿಂಬನ್ನೂ ಹುಡುಕಲಿಲ್ಲ. ಪ್ಲಾಟ್‌ಫಾರ್ಮಿನ ನಡುವೆ ನಿಂತು ಬಾಯ್ತುಂಬ ಅತ್ತೆ. ಎದೆ ಸ್ವಲ್ಪ ಸುಂಯ್ ಎಂದಿತು, ಊದಿದೆ, ಮತ್ತೆ ಅತ್ತೆ. ಅತ್ತು ಮುಗಿದ ಮೇಲೆ ಎಷ್ಟು ಹಗುರವಾಯಿತೆಂದರೆ ನನಗೇ ನಂಬಿಕೆಯಾಗಲಿಲ್ಲ. ತಿರುಗಿ ನೋಡಿದರೆ ಅಪ್ಪ ಇರಲಿಲ್ಲ.

ಅವರು ಹಿಂದಿನ ಬೆಂಚಿನ ಮೇಲೆ ಕುಸಿದು ಕೂತಿದ್ದರು. ತಾವೇ ಮಗಳ ಹಾಗೆ ಬೆಳೆಸಿದ ತಂಗಿ ಹೋಗಿದ್ದಳು. ಮೂರು ವರ್ಷ ಅಳುವನ್ನು ಮನೆಯಿಂದ ಗಡಿಪಾರು ಮಾಡಿದ್ದ ಮನುಷ್ಯನಿಗೆ ಅಳುವುದೇ ಮರೆತುಹೋಗಿತ್ತು; ಬಿಕ್ಕು ಬರುತ್ತಿತ್ತು, ಉಸಿರು ಬರುತ್ತಿರಲಿಲ್ಲ. ಅವ್ವ ಗಾಬರಿಯಾಗಿ ಬೆನ್ನು ಸವರುತ್ತಿದ್ದಳು. ನಾನು ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವರ ಮುಖ ನೋಡಿದೆ. ಹೆದರಬಾರದೆಂದು ನನ್ನ ಮುಖಕ್ಕೆ ಹೇಳಿಕೊಂಡೆ. ಅವರ ಬಲಗೈ ತೆಗೆದುಕೊಂಡು ಅಂಗೈಯನ್ನು ಕುಳಿ ಮಾಡಿ ಅವರ ಬಾಯಿಯ ಹತ್ತಿರ ಹಿಡಿದೆ.

“ಅಪ್ಪಾ, ಎಳೀಬ್ಯಾಡ್ರಿ. ಮೊದಲ ಹೊರಗ ಬಿಡ್ರಿ. ಚಹಾ ಆರಸ್ರಿ. ಚೆಲ್ಲಬಾರದು.”

ಅವರು ಊದಿದರು. ಕಣ್ಣೀರು ಅಂಗೈಗೇ ಬಿತ್ತು. ಮತ್ತೆ ಊದಿದರು. ಬೋರಿಬಂದರದ ಆ ಗದ್ದಲದಲ್ಲಿ ಕೋಟು ಟೊಪ್ಪಿಗೆಯ ಗುಮಾಸ್ತರೊಬ್ಬರು ಬರಿಯ ಕೈಯಲ್ಲಿ ಇಲ್ಲದ ಚಹಾ ಆರಿಸುತ್ತಿದ್ದರು, ನಾನು ಅವರ ಮೊಣಕಾಲ ಮೇಲೆ ಕೈಯಿಟ್ಟು ಎಣಿಸುತ್ತಿದ್ದೆ.

“ಹೆಸರು ಹೇಳ್ರಿ, ಏನಾಗೇದ?”

“ದುಃಖ ಆಗೇದವಾ,” ಎಂದರು ಅಪ್ಪ. “ಭಾಳ ಆಗೇದ.” ಆಮೇಲೆ ನೆಟ್ಟಗೆ, ಸರಾಗವಾಗಿ, ಯಾರಿಗೂ ನಾಚದೆ ಅತ್ತರು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವ್ವ ಸೀರೆ ಬದಲಿಸಿ ಒಲೆಯ ಮುಂದೆ ಕೂತಳು, ಅಪ್ಪ ಕೋಟನ್ನು ಗೂಟಕ್ಕೆ ಹಾಕಿದರು. ಮದುವೆಯ ಊಟದ ಮಾತು ಬಂತು. ಕೊನೆಯ ಪಂಕ್ತಿಗೆ ಹೋಳಿಗೆ ಕಡಿಮೆ ಬಿತ್ತೆಂದು ಅಪ್ಪ ಅಂದರು. ಬೀಗರ ಕಡೆಯವರು ಎಷ್ಟು ಮಂದಿ ಎಂದು ಸರಿಯಾಗಿ ಕೇಳಿ ಹೇಳಿದ್ದರೆ ಬೀಳುತ್ತಿರಲಿಲ್ಲವೆಂದು ಅವ್ವ ಅಂದಳು. ತಾವು ಹೇಳಿದ್ದೆವೆಂದರು ಅಪ್ಪ. ಹೇಳಿಲ್ಲವೆಂದಳು ಅವ್ವ. ದನಿ ಒಂದು ಮೆಟ್ಟಿಲು ಏರಿತು, ಇನ್ನೊಂದು ಮೆಟ್ಟಿಲು ಏರಿತು.

“ನಿಮಗ ಯಾವಾಗೂ ಹಿಂಗಽ! ಕೆಲಸಾ ಕೆಡಸೂದು ನೀವು, ಹೆಸರು ನಂದು!”

ಹಾಗೆಂದವಳೇ ಅವ್ವ ಗಬಕ್ಕನೆ ಬಾಯಿ ಮುಚ್ಚಿಕೊಂಡಳು. ಅಪ್ಪ ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡರು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಮಣೆಯ ಮೇಲೆ ಕೂತು ಮದುವೆಯ ಉಂಡಿ ತಿನ್ನುತ್ತಿದ್ದೆ. ಎದೆ ನಿರಾಳವಾಗಿತ್ತು.

“ಯಾಕ ನಿಂತ್ರಿ?” ಎಂದೆ. “ಆಡ್ರಿ. ಗಾಡಿ ಇನ್ನೂ ದಾಟಿಲ್ಲ.”

ಅಪ್ಪ ಅವ್ವನನ್ನು ನೋಡಿದರು, ಅವ್ವ ಸಾಸಿವೆ ಡಬ್ಬಿಯನ್ನು ನೋಡಿದಳು. ಆಮೇಲೆ ಗೋಡೆಯಾಚೆ ಕೃಷ್ಣಕ್ಕ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿ ಬರುವಷ್ಟು ಜೋರಾಗಿ ನಮ್ಮ ಅವ್ವ ನಕ್ಕಳು. ಅವ್ವನ ನಗು ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಅವತ್ತು.